ಮಸಿಯಚ್ಚು

ಆ ಶನಿವಾರ ಬೆಳಿಗ್ಗೆ ಯಾರಿಗಾದರೂ ನಾಲ್ಕು ಬಿಗಿಯಬೇಕು ಎಂದು ಬೋರ್ತೊಲೊಗೆ ಅನ್ನಿಸಿದ್ದು ನೋಟರಿ ಲೊದ್ರೀನಿ ಬಾಗಿಲು ತಟ್ಟುವುದಕ್ಕೆ ಮೊದಲೇ. ಕಾಫಿ ಕುಡಿದಾಗಿತ್ತು. ಅಕ್ಟೋಬರಿನ ಬಿಸಿಲು ಕಿಟಕಿಯ ಕಟ್ಟೆಯ ಮೇಲೆ ಬಂದು ಕೂತಿತ್ತು. ಕೆಳಗೆ ಮೆಲ್ಲಾ ಹೊಳೆಯ ದಡದ ಕೋವಿ ಕಾರ್ಖಾನೆಗಳ ಬಡಿತ, ಮೇಲೆ ಬೆಟ್ಟದಲ್ಲಿ ಹಕ್ಕಿ ಹೊಡೆಯುವವರ ಕೋವಿಗಳ ಸದ್ದು. ಈ ಗಾರ್ದೋನೆ ಊರಲ್ಲಿ ಹುಟ್ಟಿದವರಿಗೆ ಇವೆರಡೂ ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ. ಇವತ್ತು ಮಾತ್ರ ಒಂದೊಂದು ಗುಂಡಿಗೂ ಅವನ ದವಡೆ ಬಿಗಿಯುತ್ತಿತ್ತು. ಮುಂದೆ, ಅಲ್ಲಾಡದಂತೆ ಅರಗಿನ ಬಟ್ಟಲಲ್ಲಿ ಕೂರಿಸಿದ ಕೋವಿಯ ಉಕ್ಕಿನ ತಗಡು, ಅದರ ಮೇಲೆ ಅವನು ಕೆತ್ತಿದ ಓಡುವ ಮೊಲ. ಕಾರ್ಖಾನೆಯವರು ನಿನ್ನೆ ಅದನ್ನು ವಾಪಸು ಕಳಿಸಿದ್ದರು. ಮೇಸ್ತ್ರಿಗಳಿಗೆ ನಮಸ್ಕಾರವಂತೆ, ಕಿವಿ ಒಂಚೂರು ದಪ್ಪವಾಗಿದೆಯಂತೆ, ಬಿಡುವಾದಾಗ ನೋಡಬೇಕಂತೆ. ನೋಡಿದ್ದ. ದಪ್ಪವಾಗಿದ್ದಲ್ಲ, ಚಾಣ ಹಾರಿತ್ತು, ಕೈ ನಡುಗಿತ್ತು. ಮೂಲೆಯ ಸಣ್ಣ ಮೇಜಿನಲ್ಲಿ ಹೆಂಡತಿ ಸಾಂತಿನಾ ಇನ್ನೊಂದು ತಗಡಿನ ಹಿನ್ನೆಲೆಗೆ ಚುಕ್ಕಿ ಹೊಡೆಯುತ್ತಿದ್ದಳು, ಟಕ್ ಟಕ್ ಟಕ್, ಮದುವೆಯಾದಂದಿನಿಂದ ಒಂದೇ ಲಯ. ಮೊಲದ ಕಿವಿಯನ್ನು ಅವಳೂ ನೋಡಿದ್ದಳು. ಅವಳು ಏನೂ ಅನ್ನುವವಳಲ್ಲ. ಒಂದು ಮಾತು ಅಂದಿದ್ದರೆ ತಿರುಗಿಸಿ ಬೈದು ಹಗುರಾಗಬಹುದಿತ್ತು. ಅವಳು ಸುತ್ತಿಗೆ ಕೆಳಗಿಟ್ಟು, ನಾಳೆ ಸಲಾಕೆಗೆ ಪೋಣಿಸಿ ಸುಡಲು ಪಕ್ಕದ ಬೇಟೆಗಾರರ ಮನೆಯಿಂದ ಹಕ್ಕಿ ಇಸಿದುಕೊಂಡು ಬರುತ್ತೇನೆ ಎಂದು ಚೀಲ ಹಿಡಿದು ಹೋದಳು. ಲಯ ನಿಂತ ಮೇಲೆ ಕೋಣೆ ಇನ್ನಷ್ಟು ಸಿಟ್ಟು ಬರಿಸುವಂತಿತ್ತು.

ಆಗ ಬಾಗಿಲು ತಟ್ಟಿದ ನೋಟರಿ ಬ್ರೆಶಿಯಾ ಪಟ್ಟಣದಿಂದ ಬಂದವನು, ಬಿಳಿ ಹತ್ತಿಯ ಕೈಗವಸು ತೊಟ್ಟು ಪಿಸ್ತೂಲು ಮುಟ್ಟುವ ಜಾತಿ. ಹಳೆಯ ಆಯುಧ ಕೂಡಿಡುವವರಲ್ಲಿ ಇಂಥವರೇ ಹೆಚ್ಚು. ಒಂದು ಗುಂಡು ಹೊಡೆದು ಗೊತ್ತಿಲ್ಲ, ಆದರೆ ಮಗುವಿಗೆ ಲಾಲಿ ಹಾಡುವವರಂತೆ ಮಾತಾಡುತ್ತಾರೆ. ತಂದಿದ್ದ ಹಳೆಯ ರಿವಾಲ್ವರನ್ನು ಅವನು ಮೊದಲು ತೆಗೆಯಲಿಲ್ಲ. ಕಾಗದವೊಂದನ್ನು ಬಿಡಿಸಿ ಮೇಜಿನ ಮೇಲೆ ಹರಡಿದ. ಮಸಿಯಚ್ಚು. ಕೆತ್ತನೆಯ ಗೀರುಗಳಿಗೆ ದೀಪದ ಮಸಿ ತುಂಬಿ, ಮೇಲ್ಮೈ ಒರೆಸಿ, ಕಾಗದ ಒತ್ತಿ ತೆಗೆಯುವ ಗುರುತು. ಈ ಕಣಿವೆಯಲ್ಲಿ ಮಕ್ಕಳಿಗೂ ಗೊತ್ತಿರುವ ಕೆಲಸ.

"ಮೇಸ್ತ್ರಿ, ನೋಡಿ. ಅಮೇರಿಕದ ಮಾಲು, ನಮ್ಮ ಮುತ್ತಜ್ಜನ ಕಾಲದ್ದು. ಕೆತ್ತನೆ ಮಾತ್ರ ಆಮೇಲೆ, ನಿಮ್ಮೂರಲ್ಲೇ ಆಗಿದ್ದು. ಮಿಲಾನಿನ ಪ್ರದರ್ಶನಕ್ಕೆ ನನ್ನ ಆಯುಧಗಳ ಪುಸ್ತಕ ಅಚ್ಚಿಗೆ ಹೊರಟಿದೆ. ಎಲ್ಲದರ ಕೆಳಗೂ ಕೆತ್ತಿದವನ ಹೆಸರಿದೆ, ಇದೊಂದಕ್ಕೆ ಮಾತ್ರ 'ಅಜ್ಞಾತ' ಅಂತ ಹಾಕ್ಬೇಕಾ? ತಂದೆ ಹೆಸರಿಲ್ಲದ ಕೂಸಿನ ಹಾಗೆ! ನೀವು ಹೇಳಿದ ಹೆಸರೇ ಕೊನೆ. ಸಂಜೆ ಬರ್ತೀನಿ." ಆಮೇಲೆ ಕೈಗವಸಿನ ಬೆರಳಿಟ್ಟು ತೋರಿಸಿದ. "ಒಂದೇ ಒಂದು ಕುಂದು. ಈ ದೇವತೆಯ ಎದೆ ಮೇಲೆ ಪಾಪ, ಚಾಣ ಜಾರಿದೆ. ನೀವು ಸ್ವಲ್ಪ ಉಜ್ಜಿ ಅದನ್ನ ಅಳಿಸಿ ಕೊಟ್ಬಿಟ್ರೆ ಚೊಕ್ಕವಾಗುತ್ತೆ."

ಬೋರ್ತೊಲೊ ನೋಡಿದ. ಎಲೆಬಳ್ಳಿಗಳ ನಡುವೆ ಬೇಟೆಯ ದೇವತೆ ದಿಯಾನಾ, ಬಿಲ್ಲು ಕೆಳಗಿಟ್ಟು ನಿಂತವಳು, ಸೊಂಟದವರೆಗೆ ಬೆತ್ತಲೆ. ಕಾರ್ಖಾನೆಯ ಕೋವಿಗಳ ಮೇಲೆ ನೂರಾರು ದಿಯಾನಾಗಳನ್ನು ಅವನೇ ಕೆತ್ತಿದ್ದಾನೆ. ಎಲ್ಲರೂ ಒಂದೇ ತರ ನುಣುಪು, ಒಂದೇ ತರ ಪೆದ್ದು. ಇವಳು ಹಾಗಿರಲಿಲ್ಲ. ಇವಳ ಮೊಲೆಗಳು ಒಂದು ಮಗುವಿಗೆ ಹಾಲು ಕುಡಿಸಿ ಆ ಮಗು ಉಳಿಯದೆ ಹೋದ ಹೆಂಗಸಿನವು. ಎಡ ಕೊರಳೆಲುಬಿನ ಕೆಳಗೆ ನೀರಹನಿ ಜಾರಿದಂಥ ಒಂದು ಗುರುತು, ಮೇಲೆ ದಪ್ಪ, ಕೆಳಗೆ ಎಳೆದ ಬಾಲ. ಮೇಜಿನ ಅಂಚನ್ನು ಹಿಡಿದುಕೊಂಡ. ಚಾಣ ಜಾರಿದ್ದಲ್ಲ. ಜಾರಿದ ಚಾಣ ಹಾಗೆ ನಿಂತು, ಯೋಚಿಸಿ, ಹೋಗುವುದಿಲ್ಲ. ಅದು ಸುಟ್ಟ ಗಾಯ. ಬಿಸಿ ಅರಗು ಬಿದ್ದು ಹರಿದ ಗಾಯ. ಆ ಗಾಯ ಸಾಂತಿನಾಳದು.

ನೋಟರಿ ಏನೋ ಹೇಳುತ್ತಿದ್ದ, ಹೊರಟೂ ಹೋದ. ಬೋರ್ತೊಲೊ ಹೂಂ ಅಂದಿರಬೇಕು. ಫ್ಲಾನೆಲ್ ಬಟ್ಟೆ ಬಿಚ್ಚಿ, ನೋಟರಿ ಬಿಟ್ಟುಹೋದ ರಿವಾಲ್ವರನ್ನು ಕೈಗೆತ್ತಿಕೊಂಡಾಗ ಅದರ ತೂಕ ಅವನಿಗೆ ಇಷ್ಟವಾಯಿತು. ಇದರ ಹಿಡಿಯಿಂದ ಒಂದು ಬಾರಿಸಿದರೆ ತಲೆ ಹೇಗೆ ಒಡೆಯಬಹುದು ಎಂದು ಯೋಚಿಸಿದ. ತಲೆಗಿನ್ನೂ ಮುಖ ಬಂದಿರಲಿಲ್ಲ. ಗುರುತು ಹಿಡಿಯುವುದು ಅವನ ಕಸುಬೇ, ಕಣಿವೆಯಲ್ಲಿ ಅವನ ಕಣ್ಣಿಗೆ ಸಮವಿಲ್ಲ ಎನ್ನುತ್ತಾರೆ. ಹಾಗಾಗಿ ಭೂತಗನ್ನಡಿ ಕಣ್ಣಿಗೇರಿತು. ಎಲೆಗಳನ್ನು ನೋಡಿದ. ಪ್ರತಿ ಸುರುಳಿಯ ತುದಿಯೂ ಸೀಳಿ, ಸೀಳಿನ ಒಳಗೆ ಒಂದು ಸಣ್ಣ ಕಚ್ಚು. ಅದು ಮುದುಕ ಝಕ್ಕರಿಯಾನ ಪಾಠ. ಝಕ್ಕರಿಯಾ ಅವನ ಗುರು, ಸಾಂತಿನಾಳ ಅಪ್ಪ. ಆದರೆ ಇದು ಝಕ್ಕರಿಯಾನ ಕೈಯಲ್ಲ: ಕೋವಿಗಳ ಪರೀಕ್ಷಾಲಯದವರು ಒತ್ತಿದ ಮುದ್ರೆಯನ್ನು ಮುಟ್ಟದೆ ಎಲೆ ಸುತ್ತಿಹೋಗಿತ್ತು, ಅಂದರೆ ಕೆತ್ತಿದ್ದು ಮುದ್ರೆ ಬಿದ್ದ ಮೇಲೆ, ಮುದ್ರೆಯ ಇಸವಿಗೆ ಮುಂಚೆಯೇ ಮುದುಕ ಮಣ್ಣಾಗಿದ್ದ. ಆ ಕಚ್ಚನ್ನು ಕಲಿತವರು ಇಬ್ಬರೇ. ಒಬ್ಬ ತಾನು. ಇನ್ನೊಬ್ಬ ಜೊತೆಯ ಶಿಷ್ಯ ತೀತಾ. ಈಗ ತಲೆಗೆ ಮುಖ ಬಂತು, ನಗುವ ಮುಖ, ಮುಂದಿನ ಹಲ್ಲೊಂದು ಮುರಿದದ್ದು.

ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಕಣ್ಣು ಹಿನ್ನೆಲೆಗೆ ಹೋಯಿತು. ಹಿನ್ನೆಲೆಯನ್ನು ಯಾರೂ ನೋಡುವುದಿಲ್ಲ. ಅದು ಹೆಂಗಸರ ಕೆಲಸ, ಇಲ್ಲಿಯ ಕೆತ್ತನೆಗಾರರ ಹೆಂಡಿರೆಲ್ಲ ಅಡುಗೆ ಮುಗಿಸಿ ಕೂತು ಚುಕ್ಕಿ ಹೊಡೆಯುವವರೇ, ಗಂಡಸರಿಗೆ ತಂತಮ್ಮ ಹೆಂಡತಿಯ ಚುಕ್ಕಿ ಅವಳ ಸಾರಿನ ರುಚಿಯಷ್ಟೇ ಪರಿಚಿತ. ಮೂಲೆಗೆ ಹೋದಂತೆ ಸಣ್ಣಗಾಗುವ ಚುಕ್ಕಿಗಳು, ಒಂದರ ಮೇಲೊಂದು ಏರದವು, ಮಖಮಲ್ಲಿನಂಥವು. ಬೋರ್ತೊಲೊನ ಕೆಲಸಕ್ಕೆ ಹೆಸರು ತಂದ ಅದೇ ಹಿನ್ನೆಲೆ, ಸಾಂತಿನಾಳದು. ಅಂದರೆ ಅವಳು ಬಟ್ಟೆ ಬಿಚ್ಚಿ ನಿಂತದ್ದು ಮಾತ್ರವಲ್ಲ. ಆಮೇಲೆ ತೀತಾನ ಮೇಜಿನಲ್ಲಿ ಕೂತು ತನ್ನ ಬೆತ್ತಲೆ ಮೈಯ ಸುತ್ತ ತಾನೇ ಚುಕ್ಕಿ ಹೊಡೆದಿದ್ದಾಳೆ. ಟಕ್ ಟಕ್ ಟಕ್. ಅದೇ ಲಯದಲ್ಲಿ. ಇದನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ. ಮೊಲದ ತಗಡನ್ನು ಬಟ್ಟಲ ಸಮೇತ ಎತ್ತಿ ಗೋಡೆಗೆ ಬೀಸಿದ. ಅರಗು ಚೂರುಚೂರಾಗಿ ಕೋಣೆಯೆಲ್ಲ ಸಿಡಿಯಿತು. ಆ ಗಾಯವೂ ಹೀಗೇ ಆದದ್ದು, ಆದರೆ ಆವತ್ತು ಅರಗು ಬಿಸಿಯಿತ್ತು. ಮಾವ ಸತ್ತ ವರ್ಷ. ಯಾವುದೋ ಎಲೆಯ ವಿಷಯ, ಏನೋ ಮಾತು, ಅವನು ಕುಡಿದಿದ್ದ, ಕೈಯಲ್ಲಿ ಅರಗು ಕಾಯಿಸುವ ಬಾಣಲೆ ಇತ್ತು. ಅವಳು ಕಿರುಚಿರಲಿಲ್ಲ. ಒಲೆಯ ಪಕ್ಕ ಕೂತು, ಅಂಟಿದ ಅರಗನ್ನು ಉಗುರಿನಿಂದ ತಾನೇ ಕೀಳುತ್ತಿದ್ದಳು, ಅರಗಿನ ಜೊತೆ ಚರ್ಮವೂ ಬರುತ್ತಿತ್ತು. ಮರುವಾರ ಅವನು ಬೆಲ್ಜಿಯಮ್ಮಿನ ಲಿಯೇಜಿಗೆ ಕೆಲಸಕ್ಕೆ ಹೋಗಿಬಿಟ್ಟ, ಎರಡು ಚಳಿಗಾಲ. ತಾನು ಹೋದದ್ದು ಕೂಲಿಗೋ, ಆ ಗಾಯವನ್ನು ನೋಡಲಾರದೆಯೋ ಎಂದು ಅವನು ಕೇಳಿಕೊಂಡಿದ್ದಿಲ್ಲ. ಈಗ ಕೇಳಿಕೊಳ್ಳುವ ಅಗತ್ಯ ಕಾಣಲಿಲ್ಲ. ಈಗ ತಪ್ಪು ಬೇರೆಯವರದಾಗಿತ್ತು, ಮತ್ತು ಅದರಲ್ಲಿ ಒಂದು ತರದ ಸುಖವಿತ್ತು. ರಿವಾಲ್ವರನ್ನು ಕೋಟಿನ ಜೇಬಿಗೆ ತುರುಕಿ, ಅಚ್ಚಿನ ಕಾಗದವನ್ನು ಮಡಿಸಿ ಎದೆಗಿಟ್ಟುಕೊಂಡು ಹೊರಟ.

ತೀತಾನ ಮನೆ ಚರ್ಚಿನ ಹಿಂದಿನ ಏರಿನಲ್ಲಿ. ದಾರಿಯಲ್ಲಿ ಯಾರೋ "ಏನ್ ಬೋರ್ತೊಲೊ, ಬೇಟೆಗಾ?" ಅಂದರು. ಅವನು ನಕ್ಕ. ನಿಜವಾಗಿಯೂ ನಕ್ಕ. ಮದುವೆಗೆ ಮುಂಚೆ ಝಕ್ಕರಿಯಾನ ಅಂಗಳದಲ್ಲಿ ತೀತಾ ಸಾಂತಿನಾಗೆ ಕೊಳಲೂದುತ್ತಿದ್ದದ್ದು, ಅವಳು ಚುಕ್ಕಿ ಹೊಡೆಯುತ್ತ ತಲೆಯೆತ್ತದೆ ನಗುತ್ತಿದ್ದದ್ದು, ಮುದುಕ ಕೊನೆಗೆ ಬೋರ್ತೊಲೊನ ಕೈ ಗಟ್ಟಿ ಎಂದು ಅವನಿಗೇ ಮಗಳನ್ನು ಕೊಟ್ಟದ್ದು, ಎಲ್ಲ ನೆನಪಾಯಿತು. ಕೈ ಗಟ್ಟಿ. ತೀತಾ ಮದುವೆಯಾಗಲೇ ಇಲ್ಲ; ಅದಕ್ಕೆ ಕಾರಣ ಸೋಮಾರಿತನ ಎಂದು ಊರು ನಂಬಿತ್ತು, ಬೋರ್ತೊಲೊನೂ ನಂಬಿದ್ದ. ನಂಬಿದ್ದ ತನ್ನ ಮುಖಕ್ಕೆ ತಾನೇ ಉಗಿಯಬೇಕೆನ್ನಿಸಿತು. ಇಷ್ಟು ವರ್ಷ ಬಾರಿನಲ್ಲಿ ಒಟ್ಟಿಗೆ ಇಸ್ಪೀಟಾಡುವಾಗ ಆ ಮುರುಕು ಹಲ್ಲಿನ ನಗೆಯ ಹಿಂದೆ ಏನಿತ್ತು? ತನ್ನ ಹೆಂಡತಿಯ ಎದೆಯ ಲೆಕ್ಕವಿತ್ತು.

ತೀತಾ ಹಿಂದಿನ ಕೋಣೆಯಲ್ಲಿ ತಗಡು ಬಿಗಿದು ಹಿಡಿಯುವ ವೈಸಿನ ದವಡೆಗಳ ನಡುವಿನ ಲೋಹದ ಪುಡಿಯನ್ನು ಬೆರಳಿನಿಂದ ಕೆದಕಿ ತೆಗೆಯುತ್ತಿದ್ದ. ಪಕ್ಕದ ನೆಲಮಾಳಿಗೆಯಿಂದ ಹಕ್ಕಿಗಳು ಕೂಗುತ್ತಿದ್ದವು. ಬೇಸಿಗೆಯೆಲ್ಲ ಕತ್ತಲಲ್ಲಿ ಕೂಡಿಹಾಕಿ ಶರತ್ಕಾಲದಲ್ಲಿ ಬೆಳಕಿಗೆ ಬಿಟ್ಟರೆ ಅವು ವಸಂತ ಬಂತೆಂದು ತಿಳಿದು ಹಾಡುತ್ತವೆ, ಆ ಹಾಡಿಗೆ ಮೋಸಹೋಗಿ ಕಾಡಿನ ಹಕ್ಕಿಗಳು ಕೋವಿಯ ಎದುರಿಗೆ ಬರುತ್ತವೆ.

"ಬಾರಪ್ಪಾ ಮೇಸ್ತ್ರಿ! ಕಾರ್ಖಾನೇಲಿ ಕೇಳ್ದೆ. ಏನು, ಮೊಲದ ಕಿವಿ ಎರವಲು ಕೇಳೋಕೆ ಬಂದ್ಯಾ? ನನ್ನ ಹತ್ರ ಎರಡಿವೆ, ಎರಡೂ ಉದ್ದ, ತಗೋ." ತೀತಾ ತಿರುಗಲಿಲ್ಲ.

"ಇದು ಯಾರದ್ದು ಹೇಳು." ಬೋರ್ತೊಲೊ ಕಾಗದವನ್ನು ಅವನ ಮೂಗಿನ ಕೆಳಗೆ ಹಿಡಿದ.

ತೀತಾ ಕನ್ನಡಕವನ್ನು ಹಣೆಯಿಂದ ಇಳಿಸಿದ. ಒಂದು ಕೈ ವೈಸಿನಲ್ಲೇ ಇತ್ತು. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ನಗೆ ಹೋಗಿ ಬೇರೇನೋ ಬಂತು, ಒಳ್ಳೆಯ ಕೆಲಸ ಕಂಡವರ ಮುಖ. "ಅಬ್ಬಾ," ಎಂದ, "ಏನು ಮೈ ಬಂದಿದೆಯೋ. ಜೀವ ಇದೆ ಇವಳಿಗೆ."

ಜೀವ ಇದೆ ಎಂದದ್ದೇ ಸಾಕಾಯಿತು. ಬೋರ್ತೊಲೊನ ಕೈ ವೈಸಿನ ಸಲಾಕೆಗೆ ಹೋಗಿ ಒಂದು ಸುತ್ತು ತಿರುಗಿಸಿತು. ಯೋಚನೆ ಇರಲಿಲ್ಲ, ಕೈ ಗಟ್ಟಿ ಇತ್ತು, ನಡುಗಲಿಲ್ಲ. ತೀತಾನ ಎರಡು ಬೆರಳು ದವಡೆಯಲ್ಲಿ ಸಿಕ್ಕಿದವು. ಮೊದಲು ಅವನು ತಮಾಷೆ ಎಂದುಕೊಂಡು, "ಏಯ್, ಬಿಡೋ ಕೋತಿ," ಅಂದ. ಇನ್ನರ್ಧ ಸುತ್ತು ತಿರುಗಿಸಿದಾಗ ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ತೀತಾ ಮೊಣಕಾಲೂರಿದ. ಬಾಯಿ ತೆರೆದಿತ್ತು, ಸ್ವರ ಬರಲು ತಡವಾಯಿತು; ಬಂದಾಗ ನೆಲಮಾಳಿಗೆಯ ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದವು.

"ಯಾವಾಗ ನೋಡ್ದೆ ಅವಳನ್ನ? ನಾನು ಲಿಯೇಜಲ್ಲಿದ್ದಾಗಲಾ? ಬೊಗಳು ಬಡ್ಡೀಮಗನೇ! ಅವಳ ಗಾಯ ಇದು. ಎದೆ ಮೇಲಿನ ಗಾಯ. ನಾನೊಬ್ಬ ನೋಡಿದ್ದು, ಇಲ್ಲ ನೀನು ನೋಡಿದ್ದು!"

"ಯಾರ ಗಾಯ? ಬಿಡೋ, ನಿನ್ನ ಕಾಲಿಗೆ ಬೀಳ್ತೀನಿ, ಕೈ ಹೋಗುತ್ತೆ…"

"ಸಾಂತಿನಾದು!"

ತೀತಾ ನೋವಿನ ನಡುವೆಯೂ ಅವನನ್ನು ನೋಡಿದ. ಹುಚ್ಚನನ್ನು ನೋಡುವ ನೋಟವಲ್ಲ, ಅದಕ್ಕಿಂತ ಕೆಟ್ಟದ್ದು, ಕನಿಕರ. "ಸಾಂತಿನಾಗೆ ಎದೆ ಮೇಲೆ ಗಾಯ ಇದೆಯಾ?" ಎಂದ. "ಹೇಗಾಯ್ತು?"

ಬೋರ್ತೊಲೊ ಜೇಬಿನಿಂದ ರಿವಾಲ್ವರು ತೆಗೆದು ತೀತಾನ ಹಣೆಗೆ ಒತ್ತಿದ. ಅದರಲ್ಲಿ ಗುಂಡಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು, ಆದರೂ ತೀತಾನ ರೆಪ್ಪೆ ನಡುಗಿತು. ರಿವಾಲ್ವರಿನ ಪಕ್ಕದಲ್ಲಿ ಕಣ್ಣೆದುರಿಗೇ ಬಂದ ದಿಯಾನಾಳನ್ನು ಅವನು ನೋಡಿದ. ಸಾಯುವ ಹೊತ್ತಿನಲ್ಲೂ ಈ ಊರಿನವರು ಕೆತ್ತನೆಯನ್ನು ನೋಡದೆ ಇರಲಾರರು. "ಲೇ ಪೆದ್ದ," ಎಂದು ಉಸಿರೆಳೆದ, "ಅಚ್ಚು ನೋಡ್ಕೊಂಡು ಓಡಿ ಬಂದ್ಯಲ್ಲ. ಅಚ್ಚಲ್ಲಿ ಎಡ ಬಲ ಅದಲುಬದಲಾಗುತ್ತೆ ಅಂತ ನಿನಗೂ ನಾನು ಹೇಳ್ಕೊಡ್ಬೇಕಾ? ಅಚ್ಚಲ್ಲಿ ಗಾಯ ಎಡಕ್ಕಿದೆ. ಲೋಹದಲ್ಲಿ ನೋಡು, ಬಲಕ್ಕಿದೆ. ಸಾಂತಿನಾಗೆ ಯಾವ ಕಡೆ? ಅದನ್ನ ಹೇಳು, ಆಮೇಲೆ ಬೇಕಾದ್ರೆ ಇನ್ನೂ ತಿರುಗಿಸು."

ಬೋರ್ತೊಲೊ ಬಾಯಿ ತೆರೆದ. ಎಡ ಎನ್ನಲು ಹೋದ, ಬಲ ಎನ್ನಲು ಹೋದ. ಕಣ್ಣು ಮುಚ್ಚಿದರೆ ಗಾಯ ಕಾಣುತ್ತಿತ್ತು, ಅದರ ಆಕಾರ, ಬಾಲ, ಹೊಳಪು, ಎಲ್ಲವೂ, ಸಾಂತಿನಾ ಕಾಣುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವಳು ದೀಪ ಆರಿಸದೆ ಬಟ್ಟೆ ಬದಲಿಸಿದ್ದಿಲ್ಲ, ಅವನೂ ದೀಪ ಹಚ್ಚು ಎಂದಿದ್ದಿಲ್ಲ. ಕತ್ತಲಲ್ಲಿ ಅವನ ಕೈ ಆ ಜಾಗವನ್ನು ದಾಟಿ ಹೋಗಲು ಕಲಿತಿತ್ತು, ಹೊಂಡ ಗೊತ್ತಿರುವ ಬಂಡಿಯವನ ಹಾಗೆ. ಯಾವ ಕಡೆಗೆ ದಾಟುತ್ತಿತ್ತು? ಬಾಣಲೆ ಯಾವ ಕೈಯಲ್ಲಿತ್ತು? ಅವಳು ಒಲೆಯ ಯಾವ ಪಕ್ಕದಲ್ಲಿದ್ದಳು? ಕಣಿವೆಯ ಅತಿ ಚೂಪಾದ ಕಣ್ಣು ಅವನದು, ಯಾವನೋ ಸತ್ತು ಮಣ್ಣಾದವನ ಕೈಯನ್ನು ಒಂದು ಎಲೆಯ ತುದಿಯಲ್ಲಿ ಹಿಡಿಯುವಂಥದ್ದು. ತೀತಾ ಕೆಳಗಿನಿಂದ ಕಾಯುತ್ತಿದ್ದ, ಅವನ ತೋಳಿನ ಉದ್ದಕ್ಕೂ ರಕ್ತ ಇಳಿದು ಮೊಣಕೈಯಲ್ಲಿ ಸೇರುತ್ತಿತ್ತು.

"ಗೊತ್ತಿಲ್ವಾ?" ಎಂದ ತೀತಾ. ನಂಬಲಾಗದೆ ಇನ್ನೊಮ್ಮೆ ಅಂದ: "ನಿನಗೆ ಗೊತ್ತಿಲ್ವಾ?"

ಬೋರ್ತೊಲೊ ಸಲಾಕೆಯನ್ನು ಹಿಂದಕ್ಕೆ ತಿರುಗಿಸಿದ್ದು ಕರುಣೆಯಿಂದಲ್ಲ. ಮನೆಗೆ ಹೋಗಿ ನೋಡಬೇಕಾಗಿತ್ತು. ಗಾಯ ಲೋಹದಲ್ಲಿರುವಂತೆಯೇ ಅವಳ ಬಲಕ್ಕಿದ್ದರೆ ಗಂಡಸೊಬ್ಬ ಎದುರು ನಿಂತು ಕಂಡಂತೆ ಕೆತ್ತಿದ್ದಾನೆ. ಹಿಂದಿರುಗಿ ಬಂದು ಇವನ ಉಳಿದ ಬೆರಳುಗಳನ್ನೂ ಮುಗಿಸುವುದು. ಎಡಕ್ಕಿದ್ದರೆ… ಎಡಕ್ಕಿದ್ದರೆ ಏನೆಂದು ಅವನಿಗೆ ಹೊಳೆಯಲಿಲ್ಲ. ಇಳಿಜಾರಿನಲ್ಲಿ ಓಡುವಾಗ ಬಲಕ್ಕಿರಲಿ, ಬಲಕ್ಕಿರಲಿ ಎಂದು ತಾನು ಬೇಡುತ್ತಿರುವುದು ಗಮನಕ್ಕೆ ಬಂತು. ಹೆಂಡತಿ ಕೆಟ್ಟವಳಾಗಿರಲಿ ಎಂದು ಬೇಡುವ ಗಂಡ. ಬೆಟ್ಟದಲ್ಲಿ ಗುಂಡು ಹಾರುತ್ತಲೇ ಇದ್ದವು.

ಸಾಂತಿನಾ ಅಡುಗೆಮನೆಯಲ್ಲಿ ಹಕ್ಕಿಗಳ ಪುಕ್ಕ ಕೀಳುತ್ತಿದ್ದಳು. ತೊಡೆಯ ಮೇಲೆ ಹಳೆಯ ಏಪ್ರನ್, ಪಕ್ಕದಲ್ಲಿ ಬೋಳಾದ ಪುಟ್ಟ ಮೈಗಳ ಸಾಲು. ಅವನ ತೋಳಿಗೆ ಹತ್ತಿದ್ದ ರಕ್ತ ಅವಳ ಕಣ್ಣಿಗೆ ಮೊದಲು ಬಿತ್ತು.

"ಕೈ ಕುಯ್ಕೊಂಡ್ಯಾ?"

"ಗುಂಡಿ ಬಿಚ್ಚು."

"ಏನು?"

"ರವಿಕೆ ಗುಂಡಿ ಬಿಚ್ಚು ಅಂದೆ! ನೋಡ್ಬೇಕು ನಾನು." ಅವನು ರಿವಾಲ್ವರನ್ನು ಪುಕ್ಕಗಳ ನಡುವೆ ಮೇಜಿನ ಮೇಲೆ ಕುಕ್ಕಿದ. ಪುಕ್ಕಗಳು ಹಾರಿ ನಿಧಾನಕ್ಕೆ ಇಳಿದವು.

ಅವಳು ರಿವಾಲ್ವರನ್ನು ನೋಡಿದಳು. ಮುಟ್ಟಲಿಲ್ಲ. ಅವಳ ಮುಖದಲ್ಲಿ ಭಯ ಕಾಣಬೇಕಿತ್ತು, ಅವನು ಅದಕ್ಕೆ ಸಿದ್ಧನಾಗಿದ್ದ. ಕಂಡದ್ದು ಬಹಳ ವರ್ಷಗಳ ಹಿಂದೆ ಊರು ಬಿಟ್ಟುಹೋದವರು ಸಂತೆಯಲ್ಲಿ ಸಿಕ್ಕಂಥ ಬೆರಗು. ಕೈಗಂಟಿದ ಪುಕ್ಕವನ್ನು ಒರೆಸಿಕೊಂಡು, ಎದ್ದು, ಕಿಟಕಿಯ ಬೆಳಕಿಗೆ ಬಂದು ಗುಂಡಿ ಬಿಚ್ಚಿದಳು. ಮುದಿಚರ್ಮ, ಅದರ ಮೇಲೆ ಬಿಳಿಚಿದ ಹನಿ, ಎಳೆದ ಬಾಲ. ಎಡಗಡೆ.

"ಇಷ್ಟು ವರ್ಷ ಆದ್ಮೇಲೆ ನೋಡ್ಬೇಕು ಅನ್ನಿಸ್ತಾ?" ಎಂದಳು.

"ಎಡಕ್ಕಿದೆ," ಎಂದ ಬೋರ್ತೊಲೊ ಪೆದ್ದನಂತೆ. "ಅದರ ಮೇಲೆ ಬಲಕ್ಕಿದೆ."

"ಹೂಂ. ಕನ್ನಡಿಯಲ್ಲಿ ಹಾಗೇ ತಾನೇ ಕಾಣೋದು? ಬೀರುವಿನ ಕನ್ನಡಿ. ಅದರ ಮುಂದೆ ಅಪ್ಪನ ಮೇಜು ಎಳ್ಕೊಂಡು ಕೂತಿದ್ದೆ." ಅವಳು ಗುಂಡಿ ಹಾಕಿಕೊಳ್ಳತೊಡಗಿದಳು. "ನೀನು ಲಿಯೇಜಲ್ಲಿದ್ದೆ. ತುರಿನ್ ಕಡೆ ವ್ಯಾಪಾರಿಯೊಬ್ಬ ಅಪ್ಪನ್ನ ಹುಡುಕ್ಕೊಂಡು ಇದನ್ನ ತಂದ. ಅಪ್ಪ ಸತ್ತಿದ್ದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಇಟ್ಟು ಹೋಗಿ ಅಂದೆ, ಅಷ್ಟೆ. ಯಾರದ್ದಾದ್ರೂ ಮೈ ಬೇಕಲ್ಲ ನೋಡಿ ಕೆತ್ತೋಕೆ? ನನ್ನದು ಬಿಟ್ರೆ ಮನೇಲಿ ಇನ್ಯಾರಿದ್ರು."

"ನಿನಗೆ ಎಲೆ ಕೆತ್ತೋಕೆ ಬರಲ್ಲ. ನೀನು ಚುಕ್ಕಿ…"

"ಬರುತ್ತೆ ಅಂತ ತಾನೇ ನೀನು ಅರಗು ಎರಚಿದ್ದು." ಸ್ವರ ಏರಲಿಲ್ಲ. "ನೀನು ಕುಡಿಯೋಕೆ ಹೋಗಿದ್ದಾಗ ನಿನ್ನ ಸೊಟ್ಟ ಎಲೆ ತಿದ್ದಿಟ್ಟಿದ್ದೆ. ಬಂದು ನೋಡ್ದೆ. ಬಹಳ ಹೊತ್ತು ನೋಡ್ದೆ. ಚೆನ್ನಾಗಿದೆ ಅಂತ ನಿನ್ನ ಮುಖದಲ್ಲಿ ನನಗೆ ಕಾಣಿಸ್ತು, ಬೋರ್ತೊಲೊ. ಆಮೇಲೇ ನೀನು ಬಾಣಲೆ ತಗೊಂಡಿದ್ದು."

ಯಾವುದೋ ಎಲೆಯ ವಿಷಯ. ಈಗ ಆ ಎಲೆ ಅವನ ಕಣ್ಣ ಮುಂದೆ ಬಂತು, ಸೀಳಿದ ತುದಿ, ಒಳಗಿನ ಕಚ್ಚು, ತನ್ನದಕ್ಕಿಂತ ಹಗುರಾಗಿ ತಿರುಗಿದ್ದು. ಆ ಕಚ್ಚನ್ನು ಕಲಿತವರು ಇಬ್ಬರೇ ಎಂದು ಎಷ್ಟು ಸಲೀಸಾಗಿ ಲೆಕ್ಕ ಹಾಕಿದ್ದ. ಮೂರನೆಯವಳು ಅದೇ ಕೋಣೆಯ ಮೂಲೆಯಲ್ಲಿ ಕೂತಿದ್ದಳು, ಅವರಿಬ್ಬರೂ ಚಾಣ ಹಿಡಿಯುವುದಕ್ಕೆ ಮೊದಲಿನಿಂದಲೂ. ಅವನು ಕುರ್ಚಿಯಲ್ಲಿ ಕುಸಿದ. ಅವಳು ಮತ್ತೆ ಅವನ ತೋಳನ್ನು ನೋಡುತ್ತಿದ್ದಳು.

"ನಿನ್ನ ಕೈ ಕುಯ್ದಿಲ್ಲ," ಎಂದಳು. "ಯಾರ ರಕ್ತ ಇದು?"

ಅವನು ಹೇಳಿದ. ಅವಳು ಏಪ್ರನ್ ಬಿಚ್ಚಿ ಹಕ್ಕಿಗಳ ಮೇಲೆ ಎಸೆದಳು. "ಯಾವ ಕೈ?" "ಬಲ." "ಖಂಡಿತಾನಾ? ಇದಾದ್ರೂ ನೋಡ್ಕೊಂಡ್ಯಾ?" ಎಂದು ಕೋಟು ಹಾಕಿಕೊಳ್ಳದೆಯೇ ಏರಿನ ಕಡೆ ಓಡಿದಳು.

ಮಧ್ಯಾಹ್ನವೆಲ್ಲ ಅವನು ಒಬ್ಬನೇ ಇದ್ದ. ಚೂರಾದ ಅರಗನ್ನು ಗುಡಿಸಿ ಬಾಣಲೆಗೆ ಹಾಕಿ ಒಲೆಯ ಮೇಲಿಟ್ಟ, ಸುಮ್ಮನೆ ಕೂತರೆ ಕೈಗಳು ಏನು ಮಾಡಬಹುದೆಂದು ಹೆದರಿ. ತಿರುಪು ಬಿಚ್ಚಿ ರಿವಾಲ್ವರಿನ ಪಕ್ಕದ ತಗಡನ್ನು ಬೇರ್ಪಡಿಸಿದ. ನೋಟರಿ ಹೇಳಿದಂತೆ ಗುರುತನ್ನು ಉಜ್ಜಿ ತೆಗೆದುಬಿಡಬಹುದು. ಉಜ್ಜಿದರೆ ಉಳಿಯುವುದು ಒಂದು ದಿಯಾನಾ, ಯಾರದೋ. ಭೂತಗನ್ನಡಿಯಲ್ಲಿ ನೋಡಿದಾಗ ಗಾಯದ ಒಳಗೂ ಚುಕ್ಕಿಗಳಿದ್ದವು, ಕಣ್ಣಿಗೆ ಕಾಣದಷ್ಟು ಸಣ್ಣವು, ಹೊಸ ಚರ್ಮ ಬರುವಾಗಿನ ಹಾಗೆ. ಇಷ್ಟು ಹತ್ತಿರದಿಂದ ಅವನು ಅದನ್ನು ನೋಡಿದ್ದು ಇದೇ ಮೊದಲು. ಎಷ್ಟು ದಿನ ಅವಳು ಆ ಕನ್ನಡಿಯ ಮುಂದೆ ಕೂತಿರಬೇಕು, ಹಸಿ ಗಾಯವನ್ನು ಬಿಟ್ಟುಕೊಂಡು, ತಲೆಯೆತ್ತುತ್ತ ಇಳಿಸುತ್ತ. ಉಜ್ಜುವ ಕಲ್ಲನ್ನು ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಬಾಗಿಲು ತಟ್ಟಿದ ಸದ್ದಾದಾಗ ಗಾಯ ಹಾಗೇ ಇತ್ತು.

"ಹೇಳಿ ಮೇಸ್ತ್ರಿ, ಯಾರು ತಂದೆ?" ನೋಟರಿ ಕೈಗವಸು ಏರಿಸಿಕೊಳ್ಳುತ್ತಿದ್ದ.

ಬೋರ್ತೊಲೊ ನಿಜವನ್ನೇ ಹೇಳಬೇಕೆಂದಿದ್ದ. ಬಾಯವರೆಗೆ ಬಂದಿತ್ತು. ಆದರೆ ಆ ಹೆಸರು ಹೇಳಿದರೆ ಕಣಿವೆಯೆಲ್ಲ ಎಲೆಗಳನ್ನು ಹೋಲಿಸುತ್ತದೆ, ಅವನ ಕೆಲಸಗಳನ್ನೆಲ್ಲ ತಿರುಗಿಸಿ ನೋಡುತ್ತದೆ, ಗಾಯ ಹೇಗಾಯಿತು ಎಂದು ಕೇಳುತ್ತದೆ. ತೀತಾನಿಗೆ ತಾನು ಏನೋ ಕೊಡಬೇಕು ಎಂಬ ಯೋಚನೆ ಅದೇ ಹೊತ್ತಿಗೆ ಒಳ್ಳೆಯವನ ವೇಷ ಹಾಕಿಕೊಂಡು ಬಂತು.

"ತೀತಾ," ಎಂದ. "ತೀತಾನ ಕೈ."

"ನೋಡಿದ್ರಾ! ನನಗೂ ಅನುಮಾನ ಇತ್ತು."

"ತೀತಾಗೆ ಎರಡು ಬೆರಳು ಹೋಗಿವೆ," ಎಂದಳು ಸಾಂತಿನಾ. ಅವಳು ಬಾಗಿಲಲ್ಲಿ ಯಾವಾಗಿನಿಂದ ನಿಂತಿದ್ದಳೋ. "ಆಸ್ಪತ್ರೇಲಿ ಕೇಳಿದ್ರೆ 'ನಾನೇ ನೋಡದೆ ತಿರುಗಿಸ್ಕೊಂಡೆ' ಅಂತ ಹೇಳ್ದ. ಇನ್ನು ಅವನು ಏನೂ ಕೆತ್ತಲ್ಲ. ಅದಕ್ಕೆ ಇದನ್ನ ಅವನ ತಲೆಗೆ ಕಟ್ತಾ ಇದ್ದೀಯಾ?"

ಅವಳು ನೇರ ಒಲೆಯ ಹತ್ತಿರ ಹೋಗಿ ಅರಗಿನ ಬಾಣಲೆಯನ್ನು ತೆಗೆದುಕೊಂಡು ಅವನ ಕಡೆ ತಿರುಗಿದಳು. ಅರಗು ಕರಗಿ ಸಣ್ಣಗೆ ಗುಳ್ಳೆ ಬಿಡುತ್ತಿತ್ತು. ಅವಳು ಒಂದು ಹೆಜ್ಜೆ ಬಂದಳು, ಇನ್ನೊಂದು ಹೆಜ್ಜೆ. ಬೋರ್ತೊಲೊ ಹಿಂದೆ ಸರಿದ, ಬೆನ್ನಿಗೆ ಗೋಡೆ ಸಿಕ್ಕಿತು. ಅವನ ಕೈ ತಾನಾಗಿಯೇ ಎದ್ದು ಕೊರಳೆಲುಬಿನ ಕೆಳಗೆ, ಬಲಕ್ಕೆ, ಎದೆಯನ್ನು ಮುಚ್ಚಿಕೊಂಡಿತು. ಎದುರು ನಿಂತ ಅವಳ ಗಾಯಕ್ಕೆ ಸರಿಯಾಗಿ ಎದುರು. ಅವಳು ಆ ಕೈಯನ್ನು ನೋಡಿದಳು.

"ಈಗ ನೆನಪಾಯ್ತು ನೋಡು," ಎಂದಳು.

ಆಮೇಲೆ ಅವನ ಮೇಜಿಗೆ ತಿರುಗಿ, ಖಾಲಿ ಬಟ್ಟಲಿಗೆ ಅರಗು ಸುರಿದಳು. ದಿಯಾನಾಳ ತಗಡನ್ನು ಅದರಲ್ಲಿ ಮೆಲ್ಲಗೆ ಕೂರಿಸಿ, ಒದ್ದೆ ಬಟ್ಟೆ ಒತ್ತಿದಳು. ಅರಗು ಗಟ್ಟಿಯಾಗುವವರೆಗೆ ಹಾಗೇ ಒತ್ತಿ ಹಿಡಿದಳು. ಅವಳು ತನ್ನ ಸಣ್ಣ ಸುತ್ತಿಗೆಯನ್ನು ಬಿಟ್ಟು ಬೋರ್ತೊಲೊನದನ್ನು ಎತ್ತಿಕೊಂಡಳು, ಅವನ ಕುರ್ಚಿಯಲ್ಲಿ ಕೂತಳು, ಚಾಣಗಳಲ್ಲಿ ಒಂದನ್ನು ಆರಿಸಿ ಮೊನೆಯನ್ನು ಉಗುರಿಗೆ ಒತ್ತಿ ನೋಡಿದಳು.

"ನನ್ನ ಹೆಸರೆಲ್ಲಿ ಹಾಕ್ಲಿ, ನೋಟರಿಗಳೇ? ಕಾಲ ಹತ್ರವೋ, ಗಾಯದ ಪಕ್ಕವೋ?"

"ಏನಮ್ಮಾ ಇದು! ಮೇಸ್ತ್ರಿ, ತಡೀರಿ ಅವಳನ್ನ, ಹಳೇ ಮಾಲು, ಹಾಳಾಗಿಹೋಗುತ್ತೆ…"

ಬೋರ್ತೊಲೊ ಗೋಡೆಯಿಂದ ಅಲ್ಲಾಡಲಿಲ್ಲ. ಅವಳು ಗಾಯದ ಪಕ್ಕದಲ್ಲಿ ಚಾಣ ಊರಿ ಸುತ್ತಿಗೆ ಎತ್ತಿದಳು. ಮೊದಲ ಪೆಟ್ಟು ಬಿದ್ದಾಗಲೂ ಅವನ ಕೈ ಎದೆಯ ಮೇಲೆ ಅಲ್ಲೇ ಇತ್ತು.